ಯುರೋಪಿನ ಮೃಗಾಲಯಗಳು: ಅಂದುಕೊಂಡದ್ದೇನು, ಕಂಡದ್ದೇನು?

ಕಾರಂಜಿಕೆರೆ

ಮಧ್ಯ ಯುರೋಪನ್ನು ರೈಲಿನಲ್ಲಿ ಸುತ್ತಿ ಬಂದಿದ್ದೇನೆ. ಜೊತೆಯಲ್ಲಿದ್ದವರು ಅರಮನೆ, ಚರ್ಚುಗಳ ದಾರಿ ಹಿಡಿದರೆ ನಾನು ಪ್ರತಿ ಊರಿನಲ್ಲೂ ಮೃಗಾಲಯದ ದಾರಿ ಹಿಡಿದೆ: ವಿಯೆನ್ನಾ, ಪ್ರಾಗ್, ಲೈಪ್‌ಜಿಗ್, ಬರ್ಲಿನ್, ಬಾಸೆಲ್, ಜ್ಯೂರಿಕ್. ಮೈಸೂರಿನಲ್ಲಿ ಬೆಳೆದವರಿಗೆ ಈ ಚಟ ಹುಟ್ಟಿನಿಂದಲೇ ಬರುತ್ತದೆ. ಹೊರಡುವಾಗ ಮನಸ್ಸಿನಲ್ಲಿದ್ದ ಚಿತ್ರ ಸರಳವಾಗಿತ್ತು. ಶ್ರೀಮಂತ ದೇಶಗಳು, ಆದ್ದರಿಂದ ವಿಶಾಲ ಬಯಲು, ಕಂಬಿಗಳಿಲ್ಲ, ಎಲ್ಲಿ ನೋಡಿದರೂ ಪ್ರಾಣಿಗಳು.

ಮೊದಲ ಹೊಡೆತ ವಿಯೆನ್ನಾದಲ್ಲೇ ಬಿತ್ತು. ಷೋನ್‌ಬ್ರುನ್ ಮೃಗಾಲಯವನ್ನು 1752ರಲ್ಲಿ ಕಟ್ಟಿಸಿದವನು ಮರಿಯಾ ಥೆರೇಸಾಳ ಗಂಡ, ಚಕ್ರವರ್ತಿ ಫ್ರಾನ್ಸ್ ಸ್ಟೆಫಾನ್. ಅಂದಿನಿಂದ ಇಂದಿನವರೆಗೂ ನಡೆದುಕೊಂಡು ಬಂದಿರುವ ಮೃಗಾಲಯಗಳಲ್ಲಿ ಜಗತ್ತಿಗೇ ಹಳೆಯದು. ನಡುವೆ ಎಂಟು ಮೂಲೆಯ ಮಂಟಪ, ಅದರ ಸುತ್ತ ಬೀಸಣಿಗೆಯ ಹಾಗೆ ಹರಡಿದ ಆವರಣಗಳು. ದೊರೆ ನಡುವೆ ಕುಳಿತು ಉಪಾಹಾರ ಮಾಡುತ್ತ ಕತ್ತು ತಿರುಗಿಸಿದರೆ ಸಾಕು, ಎಲ್ಲ ಪ್ರಾಣಿಗಳೂ ಕಾಣಬೇಕು: ಇದು ಆ ನಕ್ಷೆಯ ಉದ್ದೇಶ. ಆ ಮಂಟಪದಲ್ಲಿ ಈಗಲೂ ತಿಂಡಿ ಸಿಗುತ್ತದೆ, ದುಬಾರಿ. ಆದರೆ ಇಂದು ಅಲ್ಲಿ ಕುಳಿತರೆ ಅರ್ಧ ಆವರಣಗಳು ಖಾಲಿ ಕಾಣುತ್ತವೆ. ಪ್ರಾಣಿ ಒಳಗಿನ ಕೋಣೆಯಲ್ಲಿ ಮಲಗಿರಬಹುದು, ಪೊದೆಯ ಹಿಂದೆ ಇರಬಹುದು. ಅದನ್ನು ಹೊರಗೆ ಕರೆಯುವವರಿಲ್ಲ, ಅದಕ್ಕಾಗಿ ಗಲಾಟೆ ಮಾಡುವವರೂ ಇಲ್ಲ. ಅಷ್ಟು ಹಣ ಕೊಟ್ಟು ಬಂದ ಜನ ಬರಿಯ ಪೊದೆಯನ್ನು ನೋಡಿ ಸಮಾಧಾನದಿಂದ ಮುಂದೆ ಹೋಗುವುದನ್ನು ಕಂಡು ನನಗೆ ಪ್ರಾಣಿಗಳಿಗಿಂತ ಆ ಜನರೇ ವಿಚಿತ್ರವೆನಿಸಿದರು.

ಜ್ಯೂರಿಕ್‌ನಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ. 2003ರಲ್ಲಿ ತೆರೆದ ಮಸೋಆಲಾ ಮಳೆಕಾಡು ಎಂಬ ಭವನ 11,000 ಚದರ ಮೀಟರ್ ಇದೆ. ಮಡಗಾಸ್ಕರ್‌ನ ಕಾಡನ್ನೇ ಚಾವಣಿಯ ಕೆಳಗೆ ಬೆಳೆಸಿದ್ದಾರೆ. ಹೊರಗೆ ಹಿಮ, ಒಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಗಿ ಏನೂ ಕಾಣುವುದಿಲ್ಲ. ಕನ್ನಡಕ ಒರೆಸಿಕೊಂಡ ಮೇಲೂ ಬಹಳ ಹೊತ್ತು ಏನೂ ಕಾಣುವುದಿಲ್ಲ! ಪಂಜರವಿಲ್ಲ, ಗಾಜಿಲ್ಲ, ಲೀಮರ್‌ಗಳು ಎಲ್ಲೋ ಮೇಲೆ ಇವೆ, ಗೋಸುಂಬೆಗಳು ಎಲ್ಲೋ ಪಕ್ಕದಲ್ಲಿವೆ. ಹುಡುಕುವ ಕೆಲಸ ನಿಮ್ಮದು. ಆಗುಂಬೆಯಲ್ಲಿ ಹೀಗೆ ನಿಂತಿದ್ದುಂಟು, ಟಿಕೆಟ್ ಕೊಂಡು ನಿಂತಿದ್ದು ಇದೇ ಮೊದಲು.

ಲೈಪ್‌ಜಿಗ್‌ನ ವಿಷಯ ಹೇಳಲೇಬೇಕು. ಅಲ್ಲಿ ಆನೆಗಳ ಮನೆಯ ಹೆಸರು ‘ಗಣೇಶ ಮಂದಿರ’. ಕಲ್ಲಿನ ಗುಡಿಯಂತೆಯೇ ಕಟ್ಟಿದ್ದಾರೆ, ಆನೆಗಳು ಈಜುವುದನ್ನು ನೀರಿನ ಕೆಳಗಿನಿಂದ ನೋಡಲು ಗಾಜಿನ ಗೋಡೆಯಿದೆ. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕೆ ಎಂಬ ಅನುಮಾನ ಒಂದು ಕ್ಷಣ ನಿಜವಾಗಿಯೂ ಬಂತು.

ಹೋದವರು, ಅಲ್ಲಿಯೇ ಇರುವವರು ಹೇಳಿ: ನೀವು ಏನನ್ನು ಎದುರುನೋಡಿದ್ದಿರಿ, ಏನು ಸಿಕ್ಕಿತು?

ಒಂಟಿಸಲಗ

ಏನು ಸಿಗುತ್ತದೆ? ಸುಂದರವಾದ ಸೆರೆಮನೆ ಸಿಗುತ್ತದೆ. ಕೈದಿಗೆ ನೋಡುಗರಿಂದ ಮರೆಯಾಗುವ ಹಕ್ಕನ್ನು ಕೊಟ್ಟಿದ್ದಾರೆ ಎಂದು ಸಂತೋಷಪಡುತ್ತಿದ್ದೇವೆ, ಅಷ್ಟೇ. ಗುಡಿಯ ಗೋಪುರ ಆನೆಗಾಗಿ ಕಟ್ಟಿದ್ದಲ್ಲ ಎಂಬುದಂತೂ ಖಚಿತ.

ಶರಾವತಿತೀರ

ಗೋಪುರದ ಮಾತು ಬಿಡಿ, ಅದೇ ಲೈಪ್‌ಜಿಗ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಏಷ್ಯಾ ವಿಭಾಗದಲ್ಲಿ ನಡೆಯುತ್ತಿದ್ದೆ. ತಿರುವಿನಲ್ಲಿ ಸಿಂಗಳೀಕ! ಕಪ್ಪು ಮೈ, ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಕಾಡಿನಲ್ಲಿ ಇರುವ ಪ್ರಾಣಿ. ಬಾಲ್ಯದಲ್ಲಿ ಅದನ್ನು ಕಂಡದ್ದು ಎಂದರೆ ಮರದ ತುದಿಯಲ್ಲಿ ಕೊಂಬೆ ಅಲುಗಾಡಿದ್ದು, ‘ಅಗೋ ಹೋಯಿತು’ ಎಂದು ದೊಡ್ಡಪ್ಪ ಬೆರಳು ತೋರಿಸಿದ್ದು. ಅದರ ಮುಖವನ್ನು ಮೊದಲ ಬಾರಿ ಸರಿಯಾಗಿ ನೋಡಿದ್ದು ಜರ್ಮನಿಯಲ್ಲಿ.

ಫಲಕದ ನಕ್ಷೆಯಲ್ಲಿ ಪಶ್ಚಿಮ ಘಟ್ಟ ಒಂದು ತೆಳು ಗೀರು. ಪಕ್ಕದಲ್ಲಿದ್ದ ಅಜ್ಜಿ ಮೊಮ್ಮಗನಿಗೆ ಅದನ್ನು ಓದಿ ಹೇಳುತ್ತಿದ್ದರು. ನನ್ನ ಊರು ಆ ಗೀರಿನಲ್ಲಿದೆ ಎಂದು ನನ್ನ ಮುರುಕು ಜರ್ಮನ್‌ನಲ್ಲಿ ಹೇಳಿದೆ. ‘ಹಾಗಾದರೆ ನೀವು ದಿನವೂ ನೋಡುತ್ತೀರಿ’ ಎಂದರು. ಏನೆಂದು ಉತ್ತರಿಸಲಿ? ಅಘನಾಶಿನಿ, ಶರಾವತಿ ಕೊಳ್ಳಗಳಲ್ಲಿ ಸಿಂಗಳೀಕಗಳಿಗೆ ಉಳಿದಿರುವುದು ತುಂಡು ತುಂಡು ಕಾಡು. ಮರಗಳ ಮೇಲ್ಛಾವಣಿ ಕಡಿದುಹೋದರೆ ಅವು ನೆಲಕ್ಕೆ ಇಳಿಯಬೇಕು, ಇಳಿದರೆ ರಸ್ತೆ, ವಿದ್ಯುತ್ ತಂತಿ. 2019ರಲ್ಲಿ ಶರಾವತಿ ಕಣಿವೆಯನ್ನು ಸಿಂಗಳೀಕದ ಹೆಸರಿನಲ್ಲಿಯೇ ಅಭಯಾರಣ್ಯವೆಂದು ವಿಸ್ತರಿಸಿದರು, ಅದಾದ ಮೇಲೂ ಅದೇ ಕಣಿವೆಗೆ ಹೊಸ ವಿದ್ಯುತ್ ಯೋಜನೆಯ ಮಾತು ನಿಂತಿಲ್ಲ. ಒಂಟಿಸಲಗರೇ, ಸೆರೆಮನೆ ಎನ್ನುತ್ತೀರಿ, ಒಪ್ಪಿದೆ. ಸೆರೆಯ ಹೊರಗಿರುವ ಮನೆಯ ಸ್ಥಿತಿ ಏನು ಎಂಬುದನ್ನೂ ಹೇಳಿ.

ಹಳೆಗಡತ

ಗಣೇಶ ಮಂದಿರದಂಥ ಕಟ್ಟಡಗಳು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಮೃಗಾಲಯಗಳು ಪ್ರಾಣಿ ಬಂದ ದೇಶದ ವಾಸ್ತುಶಿಲ್ಪದಲ್ಲಿ ಪ್ರಾಣಿಯ ಮನೆ ಕಟ್ಟುವ ಗೀಳು ಹಚ್ಚಿಕೊಂಡವು. ಆಂಟ್ವರ್ಪ್‌ನಲ್ಲಿ 1856ರ ಈಜಿಪ್ಟ್ ದೇವಾಲಯ ಈಗಲೂ ನಿಂತಿದೆ. ಬರ್ಲಿನ್‌ನ ಹೆಬ್ಬಾಗಿಲಲ್ಲಿ ಎರಡು ಕಲ್ಲಾನೆಗಳು ಮಂಡಿಯೂರಿ ಚಾವಣಿ ಹೊತ್ತಿವೆ. ಎಲ್ಲಕ್ಕಿಂತ ಸ್ವಾರಸ್ಯ ಬುಡಾಪೆಸ್ಟ್‌ನದು. ಅಲ್ಲಿ 1912ರಲ್ಲಿ ಕಟ್ಟಿದ ಆನೆಮನೆಗೆ ನೀಲಿ ಹೆಂಚಿನ ಗುಮ್ಮಟ, ಪಕ್ಕದಲ್ಲಿ ಮಿನಾರು. ಥೇಟ್ ಮಸೀದಿ. ಮೊದಲ ಮಹಾಯುದ್ಧದಲ್ಲಿ ತುರ್ಕಿ ಅವರ ಮಿತ್ರರಾಷ್ಟ್ರವಾಯಿತು, ಆನೆಗಳ ಮೇಲೆ ಮಿನಾರು ಏನೆಂದು ಆಕ್ಷೇಪ ಬಂತು, 1915ರಲ್ಲಿ ಕೆಡವಿದರು. 1990ರ ದಶಕದ ನವೀಕರಣದಲ್ಲಿ ಅದು ಮತ್ತೆ ಎದ್ದು ನಿಂತಿದೆ.

ನಮ್ಮ ದೇಶವೂ ಅಲ್ಲಿ ಧಾರಾಳವಾಗಿ ಸಿಗುತ್ತದೆ. ಹ್ಯಾನೋವರ್‌ನಲ್ಲಿ ಮಹಾರಾಜನ ಪಾಳುಬಿದ್ದ ಅರಮನೆ ಕಟ್ಟಿ ಆನೆ, ಹುಲಿಗಳನ್ನು ಇಟ್ಟಿದ್ದಾರೆ. ಲಂಡನ್ ಮೃಗಾಲಯ 2016ರಲ್ಲಿ ಗಿರ್ ಸಿಂಹಗಳಿಗೆಂದು ಸಾಸಣ್ ಗಿರ್ ರೈಲು ನಿಲ್ದಾಣವನ್ನೇ ಕಟ್ಟಿತು. ಆಟೊ ರಿಕ್ಷಾ ಕೂಡ ಇದೆ. ಗುಜರಾತಿನ ನಿಲ್ದಾಣಕ್ಕಿಂತ ಸ್ವಚ್ಛವಾಗಿದೆ ಎಂಬುದೊಂದೇ ಕೊರತೆ.

ಆದರೆ ನಗುವಾಗ ಹ್ಯಾಂಬರ್ಗ್‌ನ ಕಾರ್ಲ್ ಹಾಗೆನ್ಬೆಕ್‌ನನ್ನು ಮರೆಯಬಾರದು. ಕಂಬಿಗಳಿಲ್ಲದೆ, ಕಂದಕ ತೋಡಿ, ಸಿಂಹದ ಹಿಂದೆಯೇ ಬೆಟ್ಟದ ಮೇಕೆ ಕಾಣುವಂತೆ ಹಂತ ಹಂತವಾಗಿ ಜೋಡಿಸುವ ವಿನ್ಯಾಸಕ್ಕೆ ಅವನು 1896ರಲ್ಲಿ ಪೇಟೆಂಟ್ ಪಡೆದ. 1907ರಲ್ಲಿ ಸ್ಟೆಲ್ಲಿಂಗೆನ್‌ನಲ್ಲಿ ಆ ಮೃಗಾಲಯ ತೆರೆಯಿತು. ಇಂದು ನಾವು ‘ಆಧುನಿಕ’ ಎನ್ನುವ ಆವರಣವೆಲ್ಲ ಅವನ ಸಂತಾನ. ಅದೇ ಮನುಷ್ಯ 1870ರ ದಶಕದಿಂದಲೇ ಮನುಷ್ಯರನ್ನೂ ಪ್ರದರ್ಶನಕ್ಕೆ ಇಟ್ಟವನು. ಮೊದಲು ಉತ್ತರ ಧ್ರುವದ ಅಂಚಿನ ಸಾಮಿ ಜನ ತಮ್ಮ ಹಿಮಸಾರಂಗಗಳೊಂದಿಗೆ. ಆಮೇಲೆ ನೂಬಿಯಾದವರು, ಸಿಂಹಳದವರು ತಮ್ಮ ಆನೆಗಳೊಂದಿಗೆ. ಪ್ಯಾರಿಸ್, ಬಾಸೆಲ್ ಮೃಗಾಲಯಗಳೂ ಹಿಂದೆ ಬೀಳಲಿಲ್ಲ. ‘ಅವರ ಸಹಜ ಪರಿಸರದಲ್ಲಿ’ ಎಂಬ ಮಾತು ಅಂದು ಮನುಷ್ಯರಿಗೂ ಬಳಕೆಯಾಗುತ್ತಿತ್ತು. ಕೃತಕ ಹಳ್ಳಿ, ಕೃತಕ ಗುಡಿ ಕಂಡಾಗ ನನಗೆ ನೆನಪಾಗುವುದು ಇದು.

ಅಂದಹಾಗೆ, ನಮ್ಮ ಮೈಸೂರು ಮೃಗಾಲಯ ಹುಟ್ಟಿದ್ದು 1892ರಲ್ಲಿ. ಹಾಗೆನ್ಬೆಕ್‌ನ ಬಾಗಿಲು ತೆರೆಯುವ ಹದಿನೈದು ವರ್ಷ ಮೊದಲು. ಯುರೋಪಿನಲ್ಲಿ ಎಲ್ಲವೂ ನಮಗಿಂತ ಹಳೆಯದು ಎಂಬ ಭ್ರಮೆ ಬೇಡ.

ಒಂಟಿಸಲಗ

ಹಳೆಗಡತರಿಗೆ ಧನ್ಯವಾದ. ನನ್ನ ವಾದವನ್ನು ನನಗಿಂತ ಚೆನ್ನಾಗಿ ಮಂಡಿಸಿದ್ದೀರಿ.

ತುಳಸಿಕಟ್ಟೆ

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ, ಮಕ್ಕಳಿರುವುದರಿಂದ ವಾರ್ಷಿಕ ಚೀಟಿ ಮಾಡಿಸಿಕೊಂಡಿದ್ದೇನೆ. ನಿಮ್ಮ ತತ್ತ್ವಚರ್ಚೆಯ ನಡುವೆ ಒಂದು ಮನೆವಾರ್ತೆಯ ಮಾತು. ಇಲ್ಲಿನ ಮೃಗಾಲಯ ಎಂದರೆ ಊರಿನ ಉದ್ಯಾನ. ಜನ ಪ್ರಾಣಿ ನೋಡಲೆಂದೇ ಬರುವುದಿಲ್ಲ. ಅಜ್ಜಂದಿರು ಪತ್ರಿಕೆ ಓದುತ್ತಾರೆ, ತಾಯಂದಿರು ತಳ್ಳುಗಾಡಿ ತಳ್ಳುತ್ತ ನಡೆಯುತ್ತಾರೆ, ಮಕ್ಕಳು ಆಟದ ಬಯಲು ಬಿಟ್ಟು ಕದಲುವುದಿಲ್ಲ. ವರ್ಷವಿಡೀ ತೆರೆದಿರುತ್ತದೆ, ಮೈಸೂರಿನ ಹಾಗೆ ಮಂಗಳವಾರದ ರಜೆ ಇಲ್ಲ. ಖಾಲಿ ಆವರಣ ಕಂಡರೂ ಜನ ಏಕೆ ಸಿಡುಕುವುದಿಲ್ಲ ಎಂಬ ಪ್ರಶ್ನೆಗೆ ಇದೇ ಉತ್ತರ: ಮುಂದಿನ ವಾರ ಮತ್ತೆ ಬರುತ್ತಾರೆ. ಮೈಸೂರಿಗೆ ಶಾಲಾ ಬಸ್ಸಿನಲ್ಲಿ ಜೀವನದಲ್ಲಿ ಒಮ್ಮೆ ಬರುವ ಮಗುವಿಗೆ ಹುಲಿ ಕಾಣಲೇಬೇಕು. ಆ ಮಗು ಕೂಗಿದರೆ ನಾನು ಬೈಯಲಾರೆ.

ಆರ್ನ್‌ಹೆಮ್‌ನ ಬರ್ಗರ್ಸ್ ಮೃಗಾಲಯಕ್ಕೆ ಯಾರೂ ಹೋಗಿಲ್ಲವೆ? ಚಾವಣಿಯ ಕೆಳಗಿನ ಮಳೆಕಾಡನ್ನು ಅವರು 1988ರಲ್ಲೇ ಮಾಡಿದ್ದಾರೆ, ಜ್ಯೂರಿಕ್‌ಗಿಂತ ಬಹಳ ಮೊದಲು. ಆಮೇಲೆ ಮರುಭೂಮಿ, ಆಮೇಲೆ ಸಮುದ್ರ. ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿ ಚಿಂಪಾಂಜಿಗಳ ರಾಜಕೀಯವನ್ನು ಅಧ್ಯಯನ ಮಾಡಿದ ಗುಂಪು ಇದ್ದದ್ದೂ ಅಲ್ಲಿಯೇ.

ಆಮ್‌ಸ್ಟರ್‌ಡ್ಯಾಮ್‌ನ ಆರ್ಟಿಸ್ ಇನ್ನೊಂದು ಬಗೆ. 1883ರ ಆಗಸ್ಟ್ 12ರಂದು ಜಗತ್ತಿನ ಕೊನೆಯ ಕ್ವಾಗ್ಗಾ ಸತ್ತದ್ದು ಅಲ್ಲಿ. ಮುಂಭಾಗದಲ್ಲಿ ಮಾತ್ರ ಪಟ್ಟೆಯಿರುವ ಜೀಬ್ರಾ ಅದು. ಅದೇ ಕೊನೆಯದು ಎಂಬುದು ಆ ದಿನ ಯಾರಿಗೂ ತಿಳಿದಿರಲಿಲ್ಲ. ಈಗ ಅದೇ ಆವರಣದ ಪಕ್ಕದಲ್ಲಿ ಬರಿಯ ಸೂಕ್ಷ್ಮಜೀವಿಗಳದೇ ಒಂದು ಸಂಗ್ರಹಾಲಯವಿದೆ, ಮೈಕ್ರೋಪಿಯಾ. ನನ್ನ ಮಗನಿಗೆ ಆನೆಗಿಂತ ಅದೇ ಇಷ್ಟ.

ನನಗೆ ಒಗ್ಗದಿರುವುದು ಒಂದೇ: ಸಿಂಹಕ್ಕೆ ಕಾಲು, ಚರ್ಮ, ಕೂದಲು ಸಮೇತ ಇಡೀ ತುಂಡನ್ನು ಮಕ್ಕಳ ಎದುರಿಗೇ ಹಾಕುತ್ತಾರೆ. ಮಗಳು ಕಣ್ಣು ಮಿಟುಕಿಸದೆ ನೋಡುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ.

ಗೋವೈದ್ಯ

ತುಳಸಿಕಟ್ಟೆಯವರ ಮಗಳು ಸರಿಯಾಗಿಯೇ ನೋಡುತ್ತಿದ್ದಾಳೆ. ಚರ್ಮ, ಮೂಳೆ ಸಮೇತ ಕೊಟ್ಟರೆ ಸಿಂಹಕ್ಕೆ ಹರಿಯುವ, ಜಗಿಯುವ ಕೆಲಸ ಸಿಗುತ್ತದೆ. ಹಲ್ಲು, ಒಸಡು, ಕರುಳು ಎಲ್ಲಕ್ಕೂ ಒಳ್ಳೆಯದು. ಮೂಳೆ ತೆಗೆದ ಮಾಂಸ ನೋಡುವವರ ಕಣ್ಣಿಗೆ ಹಿತ.

ಈ ಎಳೆಯಲ್ಲಿ ಯಾರೂ ಎತ್ತದ ಹೆಸರನ್ನು ನಾನು ಎತ್ತುತ್ತೇನೆ: ಮಾರಿಯಸ್. 2014ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ ಮೃಗಾಲಯ ಒಂದೂವರೆ ವರ್ಷದ, ಪೂರ್ಣ ಆರೋಗ್ಯವಂತ ಗಂಡು ಜಿರಾಫೆಯನ್ನು ಕೊಂದಿತು. ಬಂದವರ ಎದುರಿಗೆ, ಮಕ್ಕಳ ಎದುರಿಗೆ ಅದನ್ನು ಸೀಳಿ ಅಂಗರಚನೆ ವಿವರಿಸಿದರು. ಮಾಂಸವನ್ನು ಸಿಂಹಗಳಿಗೆ ಹಾಕಿದರು. ಬೇರೆ ಮೃಗಾಲಯಗಳು ನಾವು ಸಾಕುತ್ತೇವೆ ಎಂದರೂ ಕೊಡಲಿಲ್ಲ.

ಕಾರಣ ಹೀಗಿದೆ. ಯುರೋಪಿನ ಮೃಗಾಲಯಗಳು 1985ರಿಂದ ಒಂದೊಂದು ಪ್ರಭೇದವನ್ನೂ ಖಂಡದಾದ್ಯಂತ ಒಂದೇ ಹಿಂಡು ಎಂದು ಭಾವಿಸಿ ಸಾಕುತ್ತಿವೆ. ಪ್ರತಿ ಪ್ರಭೇದಕ್ಕೂ ಒಬ್ಬ ಸಂಯೋಜಕ, ಒಂದು ವಂಶಾವಳಿ ದಾಖಲೆ. ಯಾವ ಹೆಣ್ಣು ಯಾವ ಊರಿಗೆ, ಯಾವ ಗಂಡಿನ ಜೊತೆ ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಪ್ರಾಣಿಗಳನ್ನು ಸಾಮಾನ್ಯವಾಗಿ ಮಾರುವುದಿಲ್ಲ, ವರ್ಗಾಯಿಸುತ್ತಾರೆ. ಮಾರಿಯಸ್‌ನ ವಂಶವಾಹಿಗಳು ಆ ಹಿಂಡಿನಲ್ಲಿ ಆಗಲೇ ಸಾಕಷ್ಟಿದ್ದವು. ಅವನಿಗೆ ಕೊಡುವ ಜಾಗ ಬೇರೆ ವಂಶದ ಜಿರಾಫೆಗೆ ಸಿಗಬೇಕು ಎಂಬುದು ಅವರ ಲೆಕ್ಕ. ಗರ್ಭನಿರೋಧಕ ಕೊಡಬಹುದಲ್ಲ ಎಂದರೆ, ಮರಿ ಹಾಕಿ ಸಾಕುವುದು ಪ್ರಾಣಿಯ ಬದುಕಿನ ದೊಡ್ಡ ಭಾಗ, ಅದನ್ನು ಕಸಿಯುವುದಿಲ್ಲ ಎಂದರು ಡೇನರು. ಇತರ ಹಲವು ಮೃಗಾಲಯಗಳು ಗರ್ಭನಿರೋಧಕವನ್ನೇ ಆರಿಸಿಕೊಳ್ಳುತ್ತವೆ.

ಇದು ನಮಗೂ ದೂರದ ವಿಷಯವಲ್ಲ. ಗೊರಿಲ್ಲಾ ಗುಂಪಿಗೆ ಒಬ್ಬನೇ ಯಜಮಾನ. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಗಂಡು. ಬೆಳೆದ ಗಂಡುಗಳನ್ನು ಎಲ್ಲಿಡುವುದು? 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಥಾಬೊ, ಡೆಂಬಾ ಇಬ್ಬರೂ ಗಂಡು. ಕೂರ್ಗಳ್ಳಿಯಿಂದಲೋ ಹುಣಸೂರಿನಿಂದಲೋ ಬಂದು ಅವರ ಮುಂದೆ ಸೆಲ್ಫಿ ತೆಗೆದುಕೊಳ್ಳುವವರು ನೋಡುತ್ತಿರುವುದು ಇದೇ ಲೆಕ್ಕದ ಇನ್ನೊಂದು ಕೊನೆಯನ್ನು. ಬೇರೆಡೆ ಜಾಗವಿದ್ದರೆ ಸ್ಥಳಾಂತರ. ಇಲ್ಲದಿದ್ದರೆ ಏನು ಎಂಬ ಪ್ರಶ್ನೆಗೆ ಒಂದೊಂದು ದೇಶದ್ದೂ ಒಂದೊಂದು ಉತ್ತರ.

ಶರಾವತಿತೀರ

ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಮುಚ್ಚಿಡದೆ ಮಾಡಿದರು ಎಂಬುದೇ ನನಗೆ ಹೆಚ್ಚು ಆಶ್ಚರ್ಯ. ನಮ್ಮಲ್ಲಾಗಿದ್ದರೆ ‘ಅನಾರೋಗ್ಯದಿಂದ ಮೃತಪಟ್ಟಿತು’ ಎಂಬ ಎರಡು ಸಾಲು ಪತ್ರಿಕೆಯಲ್ಲಿ ಬರುತ್ತಿತ್ತು.

ಗೋವೈದ್ಯ

ಅಷ್ಟು ಸುಲಭವಾಗಿ ನಮ್ಮವರನ್ನು ಬೈಯಬೇಡಿ. ‘ಹೆಚ್ಚಾಗಿದೆ’ ಎಂದು ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವ ರೂಢಿ ನಮ್ಮ ಮೃಗಾಲಯಗಳಲ್ಲಿ ಇಲ್ಲ. ಗಂಡು, ಹೆಣ್ಣುಗಳನ್ನು ಬೇರೆಯಿಡುತ್ತೇವೆ, ಮುದಿಯಾಗುವವರೆಗೆ ಸಾಕುತ್ತೇವೆ. ಅದರ ಬೆಲೆ ಇಕ್ಕಟ್ಟು.

ಒಂಟಿಸಲಗ

ಮುಚ್ಚಿಡದೆ ಮಾಡಿದರೆ ಸರಿಯೆ? 2025ರ ಜುಲೈನಲ್ಲಿ ನ್ಯೂರೆಂಬರ್ಗ್ ಮೃಗಾಲಯ 12 ಬಬೂನ್‌ಗಳನ್ನು ಕೊಂದಿತು. ಜಾಗಕ್ಕೆ ಮೀರಿ ಹೆಚ್ಚಿವೆ, ಕಚ್ಚಾಡುತ್ತಿವೆ ಎಂದರು. ಮುಂಚೆಯೇ ಪ್ರಕಟಿಸಿದ್ದರು, ಪ್ರತಿಭಟನೆಕಾರರು ಒಳಗೆ ನುಗ್ಗಿ ನೆಲಕ್ಕೆ ಕೈ ಅಂಟಿಸಿಕೊಂಡರು, ಆದರೂ ಕೊಂದರು. ಹೆಚ್ಚಿಸಿದ್ದು ಯಾರು? ಮರಿಗಳಿದ್ದರೆ ಜನ ಬರುತ್ತಾರೆ, ಮರಿಗಳು ಬೆಳೆದ ಮೇಲೆ ಲೆಕ್ಕ ನೆನಪಾಗುತ್ತದೆ. ಬರ್ಲಿನ್‌ನ ಕ್ನೂಟ್ ನೆನಪಿದೆಯೆ? 2006ರಲ್ಲಿ ತಾಯಿ ತೊರೆದ ಹಿಮಕರಡಿ ಮರಿ. ಬಾಟಲಿ ಹಾಲು ಕುಡಿಸಿ ಬೆಳೆಸಿದರು, ಜಗತ್ತೆಲ್ಲ ಮುದ್ದಾಡಿತು. ನಾಲ್ಕು ವರ್ಷವಾದಾಗ ನೋಡುಗರ ಕಣ್ಣೆದುರೇ ಕೊಳಕ್ಕೆ ಬಿದ್ದು ಸತ್ತಿತು.

ಗೋವೈದ್ಯ

ಕ್ನೂಟ್ ಸತ್ತದ್ದು ಮಿದುಳಿನ ಉರಿಯೂತದಿಂದ. ಅದನ್ನು ಮುದ್ದಿನ ಮೇಲೆ ಹೊರಿಸಬೇಡಿ. ಬಬೂನ್ ಬಗ್ಗೆ ನೀವು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ಇಪ್ಪತ್ತು ವರ್ಷ ಮುಂದಿನ ಜಾಗವನ್ನು ಲೆಕ್ಕ ಹಾಕದೆ ಹಿಂಡು ಬೆಳೆಸಬಾರದು.

ಆನೆಗಳ ವಿಷಯವನ್ನೂ ಸೇರಿಸುತ್ತೇನೆ. ಜ್ಯೂರಿಕ್‌ನಲ್ಲಿ 2014ರಲ್ಲಿ ಹೊಸ ಆನೆ ಉದ್ಯಾನ ಕಟ್ಟಿದ ಮೇಲೆ ಪಾಲಕರು ಆನೆಗಳ ನಡುವೆ ಹೋಗುವುದೇ ಇಲ್ಲ. ನಡುವೆ ತಡೆ ಇಟ್ಟುಕೊಂಡೇ ಕಾಲು ತೊಳೆಯುವುದು, ರಕ್ತ ತೆಗೆಯುವುದು. ಗೋಡೆಯ ಪೆಟ್ಟಿಗೆಗಳು ಹೊತ್ತಲ್ಲದ ಹೊತ್ತಿನಲ್ಲಿ ತೆರೆದು ಆಹಾರ ಬೀಳುತ್ತದೆ, ಆನೆಗಳು ದಿನವಿಡೀ ಅದನ್ನು ಹುಡುಕುತ್ತ ನಡೆಯುತ್ತವೆ. ಮಾವುತ, ಕಾವಾಡಿಗರ ಊರಿನಿಂದ ಬಂದ ನಮಗೆ ಇದು ಆನೆಯನ್ನು ಅನಾಥ ಮಾಡಿದಂತೆ ಕಾಣುತ್ತದೆ. ಅವರ ದೃಷ್ಟಿಯಲ್ಲಿ ಆನೆಗೆ ಬೇಕಾದ ಬಂಧುಗಳು ಆನೆಗಳೇ. ಇಷ್ಟಾಗಿಯೂ 2022ರ ಬೇಸಿಗೆಯಲ್ಲಿ ಅಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂರು ಆನೆಗಳು ಹರ್ಪಿಸ್ ವೈರಾಣುವಿನಿಂದ ಸತ್ತವು. ಉಮೇಶ್, ಓಮಿಶಾ, ರುವಾನಿ. ಅತ್ಯುತ್ತಮ ವೈದ್ಯರು, ಅತ್ಯುತ್ತಮ ಕಟ್ಟಡ, ಕೈಯಲ್ಲಿ ಏನೂ ಆಗಲಿಲ್ಲ. ಅದೇ ವೈರಾಣು ಕಾಡಿನ ಮರಿಯಾನೆಗಳನ್ನೂ ಕೊಲ್ಲುತ್ತದೆ.

ಕಾರಂಜಿಕೆರೆ

ಇಷ್ಟು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಗೋವೈದ್ಯರು ಹೇಳಿದ ವಂಶಾವಳಿ ದಾಖಲೆಯೇ ನನ್ನ ಪ್ರವಾಸದ ದೊಡ್ಡ ಅಚ್ಚರಿ. ನಾವು ನೋಡಲು ಹೋಗುವುದು ಒಂದು, ಅವರು ಒಳಗೆ ನಡೆಸುತ್ತಿರುವ ವ್ಯವಹಾರ ಇನ್ನೊಂದು. ಬಾಸೆಲ್‌ಗೆ ಹೋದದ್ದು ಊರಿನ ನಡುವಿನ ಪುಟ್ಟ ಮೃಗಾಲಯವೆಂದು. ಅಸ್ಸಾಮಿನ ಒಂಟಿಕೊಂಬಿನ ಘೇಂಡಾಮೃಗ ಮೃಗಾಲಯವೊಂದರಲ್ಲಿ ಮರಿ ಹಾಕಿದ ಮೊದಲ ಹೆರಿಗೆ ಅಲ್ಲಿ 1956ರಲ್ಲಿ ಆಯಿತು. ಮರಿಗೆ ರುದ್ರ ಎಂದು ಹೆಸರಿಟ್ಟರು. ಜಗತ್ತಿನ ಮೃಗಾಲಯಗಳಲ್ಲಿರುವ ಆ ಜಾತಿಯ ಘೇಂಡಾಮೃಗಗಳ ವಂಶಾವಳಿ ಬರೆದಿಡುತ್ತಿರುವುದು ಆ ಪುಟ್ಟ ಊರು.

ಪ್ರಾಗ್‌ನದು ಕುದುರೆಗಳ ಕಥೆ. ಮಂಗೋಲಿಯಾದ ಕಾಡುಕುದುರೆ, ಪ್ರಜೆವಾಲ್ಸ್ಕಿ ಎಂದು ಕರೆಯುತ್ತಾರೆ, 1960ರ ದಶಕದ ಕೊನೆಯ ಹೊತ್ತಿಗೆ ಕಾಡಿನಲ್ಲಿ ಇಲ್ಲವಾಯಿತು. ಉಳಿದದ್ದು ಮೃಗಾಲಯಗಳಲ್ಲಿ ಮಾತ್ರ. ಅವುಗಳ ದಾಖಲೆಯನ್ನು ಪ್ರಾಗ್ 1959ರಿಂದ ಇಟ್ಟಿದೆ. 2011ರಿಂದ ಜೆಕ್ ಸೇನೆಯ ವಿಮಾನದಲ್ಲಿ ಕುದುರೆಗಳನ್ನು ಮಂಗೋಲಿಯಾಕ್ಕೆ, 2024ರಲ್ಲಿ ಬರ್ಲಿನ್ ಜೊತೆ ಸೇರಿ ಕಝಕ್‌ಸ್ತಾನಕ್ಕೂ ಒಯ್ದು ಬಿಟ್ಟಿದ್ದಾರೆ. ಪ್ರಾಗ್‌ನಲ್ಲಿ ನಾನು ಅವುಗಳ ಮುಂದೆ ನಿಂತಾಗ ಅಕ್ಕಪಕ್ಕ ಯಾರೂ ಇರಲಿಲ್ಲ. ಮಂಕು ಕಂದು ಬಣ್ಣದ ಗಿಡ್ಡ ಕುದುರೆಯನ್ನು ನೋಡಲು ಯಾರು ಬರುತ್ತಾರೆ? ಜನವೆಲ್ಲ ಗೊರಿಲ್ಲಾಗಳ ಹತ್ತಿರ ಇದ್ದರು. ಅಲ್ಲಿಂದ ಇನ್ನೊಂದು ಕಟ್ಟಡಕ್ಕೆ ಹೋದರೆ ಮದ್ರಾಸ್ ಮೊಸಳೆ ಬ್ಯಾಂಕಿನಿಂದ ಬಂದ ಘರಿಯಾಲ್‌ಗಳು ಬಿಸಿನೀರಿನಲ್ಲಿ ತೇಲುತ್ತಿದ್ದವು.

ಒಂಟಿಸಲಗರೇ, ಈ ಕುದುರೆಗಳ ವಿಷಯದಲ್ಲಾದರೂ ಸ್ವಲ್ಪ ಸಡಿಲಿಸುತ್ತೀರಾ?

ಒಂಟಿಸಲಗ

ಕುದುರೆಗೆ ಒಪ್ಪಿದೆ. ಆದರೆ ಒಂದು ಮೃಗಾಲಯದ ಅಷ್ಟೂ ಪ್ರಭೇದಗಳಲ್ಲಿ ಹೀಗೆ ಕಾಡಿಗೆ ಮರಳಿದವು ಎಷ್ಟು? ಕುದುರೆಯನ್ನು ತೋರಿಸಿ ಹಿಮಕರಡಿಯನ್ನೂ ಸಮರ್ಥಿಸಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಇನ್ನು ಸೋತ ಲೆಕ್ಕವೂ ಇದೆ. ಜೆಕ್ ದೇಶದ ದ್ವೂರ್ ಕ್ರಾಲೋವೆ ಮೃಗಾಲಯದಲ್ಲಿ ಉತ್ತರದ ಬಿಳಿ ಘೇಂಡಾಮೃಗಗಳಿದ್ದವು. 2009ರ ಡಿಸೆಂಬರಿನಲ್ಲಿ ಅವುಗಳಲ್ಲಿ ನಾಲ್ಕನ್ನು ಕೀನ್ಯಾಕ್ಕೆ ಕಳಿಸಿದರು, ಅಲ್ಲಿಯಾದರೂ ಮರಿ ಹಾಕಲಿ ಎಂದು. ಹಾಕಲಿಲ್ಲ. ಕೊನೆಯ ಗಂಡು ಸುಡಾನ್ 2018ರಲ್ಲಿ ಸತ್ತ. ಈಗ ಇರುವುದು ತಾಯಿ ನಾಜಿನ್, ಮಗಳು ಫಾತು.

ಗೋವೈದ್ಯ

ಆ ತಾಯಿ, ಮಗಳು ಇಬ್ಬರೂ ಹುಟ್ಟಿದ್ದೇ ಆ ಮೃಗಾಲಯದಲ್ಲಿ ಎಂಬುದನ್ನೂ ಸೇರಿಸಿ. ಫಾತುವಿನ ಅಂಡಾಣು, ಸತ್ತ ಗಂಡುಗಳ ಶೇಖರಿಸಿಟ್ಟ ವೀರ್ಯ ಸೇರಿಸಿ ಮಾಡಿದ ಭ್ರೂಣಗಳು ಶೀತಲ ಸಂಗ್ರಹದಲ್ಲಿವೆ. ದಕ್ಷಿಣದ ಬಿಳಿ ಘೇಂಡಾಮೃಗವೇ ಬಾಡಿಗೆ ತಾಯಿ. ಈ ವಿಧಾನದಲ್ಲಿ ಗರ್ಭ ನಿಲ್ಲುತ್ತದೆ ಎಂಬುದು ದಕ್ಷಿಣದ ಭ್ರೂಣವನ್ನೇ ಇಟ್ಟು ನೋಡಿದ ಪ್ರಯೋಗದಲ್ಲಿ ಸಾಬೀತಾಗಿದೆ, 2024ರ ಜನವರಿಯಲ್ಲಿ ಪ್ರಕಟಿಸಿದರು. ಆದರೆ ಆ ಬಾಡಿಗೆ ತಾಯಿ ಅಷ್ಟರಲ್ಲೇ ಬೇರೊಂದು ಸೋಂಕಿನಿಂದ ಸತ್ತಿತ್ತು. ಮೃಗಾಲಯ ಇರದಿದ್ದರೆ ಈ ಎರಡೂ ಇರುತ್ತಿರಲಿಲ್ಲ. ಮೃಗಾಲಯ ಇದ್ದೂ ಎರಡೇ ಉಳಿದವು. ಎರಡು ಮಾತೂ ನಿಜ.

ತುಳಸಿಕಟ್ಟೆ

ದ್ವೂರ್ ಕ್ರಾಲೋವೆಗೆ ಹೋಗಬಹುದೆ? ಬೇಸಿಗೆ ರಜೆಯಲ್ಲಿ ಪ್ರಾಗ್ ಕಡೆಗೆ ಹೊರಟಿದ್ದೇವೆ.

ಕಾರಂಜಿಕೆರೆ

ಪ್ರಾಗ್‌ನಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಬಯಲಿನ ಸಫಾರಿ ಬೇಸಿಗೆಯಲ್ಲಿ ಮಾತ್ರ, ಆದ್ದರಿಂದ ನಿಮಗೆ ಸರಿಹೋಗುತ್ತದೆ. ನನಗೆ ಚಳಿಗಾಲದಲ್ಲಿ ಅಲ್ಲಿಗೆ ಹೋಗಲಾಗಲಿಲ್ಲ. ಕಪ್ಪು ಘೇಂಡಾಮೃಗಗಳು ಅಲ್ಲಿ ಇನ್ನೂ ಇವೆ, ಕೆಲವನ್ನು ಆಫ್ರಿಕಾಕ್ಕೆ ಕಳಿಸಿದ್ದೂ ಇದೆ. ಹೋಗಿ ಬಂದು ಇಲ್ಲಿ ಬರೆಯಿರಿ. ಒಂಟಿಸಲಗರು ಕಾಯುತ್ತಿರುತ್ತಾರೆ.

ಒಂಟಿಸಲಗ

ಕಾಯುತ್ತೇನೆ. ಟಿಕೆಟ್ ಮಾತ್ರ ಕೊಳ್ಳುವುದಿಲ್ಲ.